ಕಿರುಮನೆಯ ಸುಖವೂ ಸ್ವಾವಲಂಬನವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕಳೆದ ಶ್ರಾವಣದಲ್ಲಿ ಶ್ರೀಮಠದ ಶಿಷ್ಯನಾದ ತರುಣನೊಬ್ಬನು ನನ್ನ ಬಳಿಗೆ ಬಂದು, “ಶಾಸ್ತ್ರಿಗಳೇ, ನಗರದ ಉದ್ಯೋಗವು ನನಗೆ ಸಾಕಾಗಿದೆ. ನಮ್ಮ ಹೊಲದಲ್ಲಿ ಒಂದಂಕಣದ ಮನೆ ಕಟ್ಟಿಕೊಳ್ಳುವೆನು. ವಿದ್ಯುತ್ತಿನ ತಂತಿ ಬೇಡ, ನಲ್ಲಿಯ ನೀರು ಬೇಡ. ಬಿಸಿಲಿನಿಂದ ದೀಪ ಉರಿಸುವ ಫಲಕವೊಂದು, ಮಳೆನೀರಿನ ತೊಟ್ಟಿಯೊಂದು ಇದ್ದರೆ ಆಯಿತು. ಯಾರ ಹಂಗೂ ಇಲ್ಲದೆ ಸುಖವಾಗಿರಬಹುದಲ್ಲವೇ?” ಎಂದು ಕೇಳಿದನು. ಆತನ ವೃದ್ಧ ತಂದೆತಾಯಿಗಳು ಬಾಗಿಲ ಬಳಿ ಮೌನವಾಗಿ ಕುಳಿತಿದ್ದರು. ಹೌದೆನ್ನಲೂ ಅಲ್ಲವೆನ್ನಲೂ ಅಂದು ನನ್ನಿಂದಾಗಲಿಲ್ಲ. ಅಂದು ಉಳಿದ ಉತ್ತರವನ್ನು ಇಂದು ಈ ಸಭೆಯಲ್ಲಿ ಒಪ್ಪಿಸುತ್ತಿರುವೆನು.

ಈ ಪ್ರಶ್ನೆಗೆ ತನ್ನ ಬಾಳನ್ನೇ ಒಡ್ಡಿ ಉತ್ತರ ಹುಡುಕಿದವನೊಬ್ಬನು ಅಮೇರಿಕಾ ದೇಶದಲ್ಲಿದ್ದನು. ಹೆನ್ರಿ ಡೇವಿಡ್ ಥೋರೋ ಎಂಬುದು ಆತನ ಹೆಸರು. 1817ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಕಾನ್ಕರ್ಡ್ ಎಂಬ ಊರಲ್ಲಿ ಹುಟ್ಟಿ, ಹಾರ್ವರ್ಡಿನಲ್ಲಿ ಓದಿದವನು. ಊರಿಗೆ ಒಂದೂವರೆ ಮೈಲಿ ದೂರದಲ್ಲಿ ವಾಲ್ಡನ್ ಎಂಬ ಕೊಳವಿರುವದು. ಅದರ ದಡದ ಕಾಡಿನಲ್ಲಿ, ತತ್ತ್ವಚಿಂತಕನಾದ ತನ್ನ ಮಿತ್ರ ಎಮರ್ಸನ್ನನಿಗೆ ಸೇರಿದ ನೆಲದಲ್ಲಿ, ಆತನು 1845ರ ಮಾರ್ಚ್ ತಿಂಗಳ ಕೊನೆಗೆ ಪೈನ್ ಮರಗಳನ್ನು ಕಡಿಯತೊಡಗಿ, ಜುಲೈ 4ರಂದು ಹೊಸಮನೆಗೆ ಒಕ್ಕಲಾದನು. ಮನೆಯೆಂದರೆ 10 ಅಡಿ ಅಗಲ, 15 ಅಡಿ ಉದ್ದದ ಒಂದೇ ಕೋಣೆ. ಎರಡು ಮಗ್ಗುಲಲ್ಲಿ ಒಂದೊಂದು ಕಿಟಕಿ, ಒಂದು ಬಾಗಿಲು, ಅದರೆದುರು ಇಟ್ಟಿಗೆಯ ಅಗ್ಗಿಷ್ಟಿಕೆ, ಮೇಲೊಂದು ಅಟ್ಟ, ಕೆಳಗೊಂದು ನೆಲಮಾಳಿಗೆ. ತಗಲಿದ ವೆಚ್ಚವು 28 ಡಾಲರು 12½ ಸೆಂಟು. ಆ ಕಾಲದಲ್ಲಿ ಹಾರ್ವರ್ಡಿನ ವಿದ್ಯಾರ್ಥಿಯು ಒಂದು ಕೋಣೆಗೆ ವರ್ಷಕ್ಕೆ 30 ಡಾಲರು ಬಾಡಿಗೆ ತೆರುತ್ತಿದ್ದನಂತೆ! ಸುತ್ತಲಿನ ಸಾಮಾನ್ಯ ಮನೆಗೆ 800 ಡಾಲರು ಬೇಕೆಂದೂ, ಅಷ್ಟನ್ನು ಕೂಡಿಸಲು ಕೂಲಿಯವನು ಬಾಳಿನ ಹತ್ತು ಹದಿನೈದು ವರ್ಷಗಳನ್ನು ತೆರಬೇಕೆಂದೂ ಆತನ ಲೆಕ್ಕ. ಬೆಲೆಯನ್ನು ಹಣದಲ್ಲಿ ಎಣಿಸದೆ ಆಯುಷ್ಯದಲ್ಲಿ ಎಣಿಸಿದುದೇ ಆತನ ಜಾಣತನ.

ಇನ್ನು ಆ ಕಿರುಮನೆಯಲ್ಲಿ ಸುಖವಿತ್ತೇ? ಇತ್ತೆಂದೇ ಹೇಳಬೇಕು. ಚಳಿಗಾಲದಲ್ಲಿ ಕೊಳವೇ ಹೆಪ್ಪುಗಟ್ಟುವ ಸೀಮೆಯದು. ಚಳಿ ಬಲಿಯುವ ಮುನ್ನ ಆತನು ಹಳೆಯ ಇಟ್ಟಿಗೆಗಳಿಂದ ಹೊಗೆಗೂಡು ಕಟ್ಟಿ, ಗೋಡೆಗಳಿಗೆ ಹೊರಗೆ ಮರದ ಬಿಲ್ಲೆ ಹೊದಿಸಿ, ಒಳಗೆ ಗಾರೆ ಬಳಿದನು. ಕೋಣೆ ಚಿಕ್ಕದಾದಷ್ಟು ಸ್ವಲ್ಪ ಕಟ್ಟಿಗೆಯಿಂದಲೇ ಬೆಚ್ಚಗಾಗುವದು. ನೆಲ ತೊಳೆಯಬೇಕಾದಾಗ ಮಂಚ ಮೇಜುಗಳನ್ನೆಲ್ಲ ಹುಲ್ಲಿನ ಮೇಲಕ್ಕೆ ಹೊತ್ತು ಹಾಕಿ, ನೀರು ಚೆಲ್ಲಿ, ಮರಳಿನಿಂದ ಉಜ್ಜಿದರೆ, ಊರವರ ಬೆಳಗಿನ ಊಟ ಮುಗಿಯುವಷ್ಟರಲ್ಲಿ ನೆಲ ಒಣಗಿರುತ್ತಿತ್ತು. ಮೇಜಿನ ಮೇಲೆ ಚೆಲುವಾದ ಮೂರು ಕಲ್ಲುಗಳಿದ್ದವು. ಅವುಗಳ ಧೂಳನ್ನು ದಿನವೂ ಒರೆಸಬೇಕೆಂಬುದನ್ನು ಕಂಡು ಬೇಸತ್ತು ಕಿಟಕಿಯಿಂದಾಚೆಗೆ ಎಸೆದನು. ಕುರ್ಚಿಗಳು ಮೂರೇ ಇದ್ದರೂ, ಒಮ್ಮೊಮ್ಮೆ ಇಪ್ಪತ್ತೈದು ಮೂವತ್ತು ಜನರು ಆ ಸೂರಿನಡಿಯಲ್ಲಿ ನಿಂತು ಮಾತಾಡಿದುದುಂಟು. ಎರಡನೆಯ ಚಳಿಗಾಲದಲ್ಲಿ ಕಟ್ಟಿಗೆಯ ಉಳಿತಾಯಕ್ಕೆಂದು ಕಬ್ಬಿಣದ ಒಲೆಯನ್ನು ತಂದನು. ಅದು ಕಾವನ್ನೇನೋ ಕೊಟ್ಟಿತು, ಆದರೆ ಉರಿಯ ಮುಖವನ್ನು ಮರೆಮಾಡಿತು. ಸಂಗಾತಿಯೊಬ್ಬನನ್ನು ಕಳಕೊಂಡಂತಾಯಿತೆಂದು ಆತನು ಹಳಹಳಿಸಿದನು. ಸುಖವೆಂಬುದು ಬರಿಯ ಕಾವಲ್ಲವೆಂಬುದು ಇದರಿಂದ ತಿಳಿಯುವದು.

ಇನ್ನು ಸ್ವಾವಲಂಬನದ ಮಾತು. ಎರಡೂವರೆ ಎಕರೆ ಭೂಮಿಯಲ್ಲಿ ಹೆಚ್ಚಾಗಿ ಅವರೆಯ ಜಾತಿಯ ಕಾಳನ್ನು ಬೆಳೆದು, ಮೊದಲ ವರ್ಷ ಖರ್ಚು ಕಳೆದು 8 ಡಾಲರು 71½ ಸೆಂಟು ಉಳಿಸಿದನು. ವರ್ಷದಲ್ಲಿ ಆರು ವಾರ ದುಡಿದರೆ ತನ್ನ ಜೀವನ ಸಾಗುವದೆಂದು ಕಂಡುಕೊಂಡನು. ಇಷ್ಟನ್ನೇ ಕೇಳಿದವರು “ಯಾರ ಹಂಗೂ ಇಲ್ಲದ ಧೀರ” ಎಂದು ಚಪ್ಪಾಳೆ ತಟ್ಟುವರು. ಆದರೆ ಆತನ ಲೆಕ್ಕದ ಪುಸ್ತಕವನ್ನು ಪೂರ್ಣವಾಗಿ ಓದಬೇಕು. ನೆಲವು ಮಿತ್ರನದು. ಮರ ಕಡಿದ ಕೊಡಲಿಯು ಎರವಿನದು. ತೊಲೆಗಳನ್ನು ಎತ್ತಿ ನಿಲ್ಲಿಸಿದವರು ನೆರೆಹೊರೆಯವರು. ಹಲಗೆಗಳು ಬಂದುದು ರೈಲುಹಾದಿಯಲ್ಲಿ ದುಡಿಯುತ್ತಿದ್ದ ಐರಿಷ್ ಕೂಲಿಗಾರನ ಗುಡಿಸಲಿನಿಂದ. ಅದನ್ನು 4 ಡಾಲರು 25 ಸೆಂಟಿಗೆ ಕೊಂಡ ಮರುದಿನ ನಸುಕಿನಲ್ಲಿ ಆ ಸಂಸಾರವು ತನ್ನದೆಲ್ಲವನ್ನೂ ಒಂದೇ ಗಂಟಿನಲ್ಲಿ ಹೊತ್ತು, ಕೋಳಿಗಳೊಡನೆ ಹಾದಿ ಹಿಡಿದುದು ಆತನಿಗೆ ಎದುರಾಯಿತು. ಬೆಕ್ಕು ಮಾತ್ರ ಹಿಂದುಳಿದು ಕಾಡುಪಾಲಾಯಿತು. ಆತನ ಬಟ್ಟೆಗಳ ಒಗೆತ, ಹೊಲಿಗೆಗಳು ಬಹುಮಟ್ಟಿಗೆ ಹೊರಗಡೆಯೇ ಆಗುತ್ತಿದ್ದವು. ಇದಾವುದನ್ನೂ ಆತನು ಮುಚ್ಚಿಡಲಿಲ್ಲ. ಒಗೆತದ ಲೆಕ್ಕ ಇನ್ನೂ ಬಂದಿಲ್ಲವೆಂದು ತಾನೇ ಬರೆದಿಟ್ಟನು. ಎರವಿನ ಕೊಡಲಿಯನ್ನು ಪಡೆದುದಕ್ಕಿಂತ ಹರಿತಮಾಡಿ ಮರಳಿಸಿದನು. ಈ ಕೊಡಲಿಯಲ್ಲಿ ನನ್ನ ಉತ್ತರವಿರುವದು.

ಇಲ್ಲಿ ನನ್ನದೊಂದು ತಪ್ಪನ್ನು ಅರಿಕೆಮಾಡಬೇಕು. ಪಾಠಶಾಲೆಯ ಓದು ಮುಗಿದ ಹೊಸದರಲ್ಲಿ ಶ್ರೀಮಠದ ತೋಟದ ಗುಡಿಸಲಲ್ಲಿ ಒಂದು ಮಳೆಗಾಲವನ್ನು ಕಳೆದೆನು. ಒಂದು ಚಾಪೆ, ಒಂದು ಕಂದೀಲು, ಮೂರು ಪಾತ್ರೆಗಳು. ನನ್ನ ಅಡಿಗೆಯನ್ನು ನಾನೇ ಮಾಡಿಕೊಂಡು, ಯಾರ ಹಂಗಿನಲ್ಲಿಯೂ ಇಲ್ಲವೆಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆನು. ಒಂದು ಮುಂಜಾನೆ ಕೊಡ ಬರಿದಾಗಿತ್ತು, ಒಲೆಯ ಬಳಿ ಒಣಕಟ್ಟಿಗೆಯಿರಲಿಲ್ಲ. ವಿಚಾರಿಸಲಾಗಿ, ತೋಟಗಾರನ ಹೆಂಡತಿಯು ಮಗಳ ಬಾಣಂತನಕ್ಕೆಂದು ಪರವೂರಿಗೆ ಹೋಗಿದ್ದಳು! ಎರಡು ತಿಂಗಳು ನಾನು ಏಳುವ ಮೊದಲೇ ನೀರು ತುಂಬಿ, ಕಟ್ಟಿಗೆ ಇಟ್ಟು ಹೋಗುತ್ತಿದ್ದವಳು ಆ ತಾಯಿ. ನಾನು ಶಾಸ್ತ್ರಗಳನ್ನು ಓದಿದ್ದೆನು, ಕೊಡ ತುಂಬುವ ಕೈಯನ್ನು ಓದಿರಲಿಲ್ಲ. ಆಕೆಯು ಮರಳಿ ಬಂದಾಗ ಕ್ಷಮೆ ಬೇಡಲು ನಾಚಿದೆನು. ಆ ನಾಚಿಕೆಯು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮ ತಾಯಿಯು ಅದನ್ನು ತಂದಲ್ಲಿಯೇ ಸುರಿದು ಬರಹೇಳಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಅವರ ಗುಡಿಸಲೂ ಚಿಕ್ಕದೇ. ಆದರೆ ಆ ಅಕ್ಕಿಯು ಜಂಗಮದಾಸೋಹಕ್ಕಾಗಿ ಬೇಯುತ್ತಿತ್ತು. ಮಿತವಾಗಿ ಪಡೆದುದು ಸಾಲದು, ಪಡೆದುದು ಹಂಚಿಹೋಗಬೇಕು.

ಥೋರೋ ಆ ಮನೆಯಲ್ಲಿ ಎರಡು ವರ್ಷ, ಎರಡು ತಿಂಗಳು, ಎರಡು ದಿನ ಇದ್ದು, 1847ರ ಸೆಪ್ಟೆಂಬರ್ 6ರಂದು ಹೊರಟುಬಂದನು. ತಾನು ಕಲಿತುದನ್ನು 1854ರಲ್ಲಿ ‘ವಾಲ್ಡನ್’ ಎಂಬ ಗ್ರಂಥವಾಗಿ ಲೋಕಕ್ಕೆ ಕೊಟ್ಟನು. ಮನೆಯು ಅಳಿದುಹೋಯಿತು, ಹೊಗೆಗೂಡಿನ ತಳಪಾಯವು ಮಾತ್ರ 1945ರಲ್ಲಿ ಅಗೆದವರಿಗೆ ದೊರೆಯಿತು. ಆದರೆ ಲೆಕ್ಕದ ಪುಸ್ತಕವು ಉಳಿಯಿತು.

ಆದುದರಿಂದ ಆ ತರುಣನು ಈ ಸಭೆಯಲ್ಲಿದ್ದರೆ ಕೇಳಲಿ. ತಮ್ಮಾ, ಮನೆಯನ್ನು ಕಟ್ಟು, ಚಿಕ್ಕದಾಗಿಯೇ ಕಟ್ಟು. ಬಿಸಿಲಿನ ದೀಪವನ್ನು ಹಚ್ಚು, ಮಳೆಯ ನೀರನ್ನು ಕುಡಿ. ಆದರೆ ಮೊದಲ ದಿನವೇ ಲೆಕ್ಕದ ಪುಸ್ತಕವೊಂದನ್ನು ಇಡು. ಆ ಫಲಕವನ್ನು ಮಾಡಿದ ಕೈಗಳನ್ನು, ನೆಲವನ್ನು ಉತ್ತು ಉಳಿಸಿದ ತಂದೆಯನ್ನು, ಬಾಗಿಲ ಬಳಿ ಮೌನವಾಗಿ ಕುಳಿತಿದ್ದ ತಾಯಿಯನ್ನು ಅದರ ಮೊದಲ ಪುಟದಲ್ಲಿ ಬರೆ. ಹಂಗಿಲ್ಲದ ಬಾಳು ಯಾರಿಗೂ ಇಲ್ಲ. ಹಂಗನ್ನು ಅರಿತು, ಪಡೆದ ಕೊಡಲಿಯನ್ನು ಹರಿತಮಾಡಿ ಮರಳಿಸುವದೇ ಸ್ವಾವಲಂಬನ. ನಿನ್ನ ಮನೆಯಲ್ಲಿ ಮೂರು ಕುರ್ಚಿಗಳಿರಲಿ. ಅವುಗಳಲ್ಲಿ ಎರಡು ಆ ಹಿರಿಯರಿಗಾಗಿ ಸದಾ ತೆರವಾಗಿರಲಿ.