ಅಂತರ್ಜಾಲದ ಸುದ್ದಿಗೂ ಸನದ್ ಬೇಕು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಕಂದಾಯದ ಲೆಕ್ಕದಲ್ಲಿ ನಾವು ತುಮಕೂರು ಜಿಲ್ಲೆಯವರು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹಿಂದೆ ಒಂದು ಸುತ್ತೋಲೆ ಹೊರಟರೆ ಅದು ಪಾವಗಡದ ಗಡಿ ಹಳ್ಳಿಯನ್ನು ಮುಟ್ಟುವ ಹೊತ್ತಿಗೆ ಅರ್ಜಿಯ ಕೊನೆಯ ದಿನವೇ ಹತ್ತಿರವಾಗಿರುತ್ತಿತ್ತು. ಶಾಲೆಯ ಸೂಚನಾ ಫಲಕ, ಪತ್ರಿಕೆಯ ಒಳಪುಟ, ಜುಮಾ ನಮಾಜಿನ ನಂತರದ ಪ್ರಕಟಣೆ, ಬಸ್ ನಿಲ್ದಾಣದ ಚಹಾ ಅಂಗಡಿ, ಇಷ್ಟೇ ನಮ್ಮ ಸುದ್ದಿಯ ದಾರಿಗಳು. ಆದರೆ ಒಂದು ಅನುಕೂಲವಿತ್ತು. ಹೇಳಿದವರು ಯಾರೆಂದು ಗೊತ್ತಿರುತ್ತಿತ್ತು. ಸುಳ್ಳಾದರೆ ಮರುದಿನ ಅವರನ್ನೇ ಹಿಡಿದು ಕೇಳಬಹುದಿತ್ತು.

ಅಂತರ್ಜಾಲ ಬಂದಾಗ ಅಲ್ಲಿ ಬೇಕಾದುದನ್ನು ಹುಡುಕಿಕೊಡುವ ಕೆಲಸವನ್ನು ಮೊದಲು ಮನುಷ್ಯರೇ ಮಾಡಿದರು. 1994ರಲ್ಲಿ ಆರಂಭವಾದ ಯಾಹೂ, ಜಾಲತಾಣಗಳನ್ನು ಗ್ರಂಥಾಲಯದ ಕಪಾಟಿನಂತೆ ವಿಷಯವಾರು ಜೋಡಿಸಿದ ಪಟ್ಟಿಯಾಗಿತ್ತು. 1998ರ ಗೂಗಲ್ ಬೇರೊಂದು ಉಪಾಯ ಮಾಡಿತು. ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು ಕೊಂಡಿ ಕೊಟ್ಟಿವೆ, ಕೊಟ್ಟವರ ಯೋಗ್ಯತೆ ಏನು ಎಂಬುದನ್ನು ಲೆಕ್ಕ ಹಾಕಿ ಪುಟಗಳಿಗೆ ಸ್ಥಾನ ನೀಡಿತು. 2003ರ ಡೆಲಿಷಿಯಸ್‌ನಲ್ಲಿ ಓದುಗರು ತಮಗೆ ಮೆಚ್ಚಿಕೆಯಾದ ಪುಟಗಳಿಗೆ ತಾವೇ ಗುರುತುಪದ ಅಂಟಿಸಿ ಹಂಚಿಕೊಂಡರು. 2009ರಲ್ಲಿ ಫೇಸ್‌ಬುಕ್ಕಿಗೆ ಲೈಕ್ ಗುಂಡಿ ಬಂತು. ಕ್ರಮೇಣ ನಾವು ಹುಡುಕುವುದು ಕಡಿಮೆಯಾಗಿ, ನಾವು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತೇವೆಂದು ನೋಡಿ ಯಂತ್ರವೇ ಮುಂದಿನದನ್ನು ಬಡಿಸುವ ಪದ್ಧತಿ ನೆಲೆಯಾಯಿತು.

ನಮ್ಮ ಕಡೆಯ ಕಥೆ ಸ್ವಲ್ಪ ಬೇರೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ದರ ಕುಸಿದ ಮೇಲೆಯೇ ನಮ್ಮ ಅನೇಕ ಮನೆಗಳಿಗೆ ಅಂತರ್ಜಾಲ ಬಂದದ್ದು. ಈ ಮನೆಗಳವರು ಯಾಹೂ ಪಟ್ಟಿಯನ್ನೂ ನೋಡಲಿಲ್ಲ, ಕೊಂಡಿ ಒತ್ತಿ ಪುಟದಿಂದ ಪುಟಕ್ಕೆ ಹೋಗುವ ಅಭ್ಯಾಸವನ್ನೂ ಮಾಡಲಿಲ್ಲ. ನೇರವಾಗಿ ವಾಟ್ಸ್‌ಆ್ಯಪ್ ಗುಂಪಿಗೆ ಇಳಿದರು. ಅಲ್ಲಿಗೆ ಬರುವ ಚಿತ್ರಕ್ಕೆ, ಧ್ವನಿಮುದ್ರಿಕೆಗೆ ಹೆಚ್ಚಿನ ವೇಳೆ ವಿಳಾಸವಿಲ್ಲ, ದಿನಾಂಕವಿಲ್ಲ, ಬರೆದವರ ಹೆಸರಿಲ್ಲ. ಕಳುಹಿಸಿದ್ದು ಮಾವನೋ ಚಿಕ್ಕಪ್ಪನೋ ಆಗಿರುವುದರಿಂದ ನಂಬುತ್ತೇವೆ. ಆದರೆ ಮಾವ ಅದನ್ನು ಬರೆದವರಲ್ಲ, ದಾಟಿಸಿದವರು ಮಾತ್ರ.

ವಿದ್ಯಾರ್ಥಿಗಳೇ, ಈ ತೊಡಕನ್ನು ಬಿಡಿಸಲು ಹೊಸ ಶಾಸ್ತ್ರವೇನೂ ಬೇಕಾಗಿಲ್ಲ. ಮದ್ರಸಾದಲ್ಲಿ ಕಲಿತವರಿಗೆ ಸನದ್ ಎಂಬ ಮಾತು ಹೊಸದಲ್ಲ. ಹದೀಸ್‌ಗೆ ಎರಡು ಭಾಗ: ಹೇಳಿದ ವಿಷಯ ಮತನ್, ಅದು ಯಾರಿಂದ ಯಾರಿಗೆ ಬಂತೆಂಬ ಸರಪಳಿ ಸನದ್. ಒಂಬತ್ತನೆಯ ಶತಮಾನದ ಇಮಾಮ್ ಬುಖಾರಿಯವರಂಥ ವಿದ್ವಾಂಸರು ವಿಷಯ ಚೆನ್ನಾಗಿದೆ ಎಂದಷ್ಟಕ್ಕೆ ಒಪ್ಪಲಿಲ್ಲ. ಸರಪಳಿಯ ಒಬ್ಬೊಬ್ಬರ ನಡತೆ, ನೆನಪಿನ ಶಕ್ತಿ, ಹೇಳಿದವರೂ ಕೇಳಿದವರೂ ಒಂದೇ ಕಾಲದಲ್ಲಿ ಬದುಕಿದ್ದರೇ, ಭೇಟಿಯಾಗಿದ್ದರೇ ಎಂದು ವಿಚಾರಿಸಿದರು. ವರದಿಗಾರರ ಜೀವನವನ್ನು ಪರಿಶೀಲಿಸಲೆಂದೇ ಒಂದು ಪ್ರತ್ಯೇಕ ವಿದ್ಯೆ ಬೆಳೆಯಿತು. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಆದೇಶ ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೇ ವಚನದಲ್ಲಿದೆ. ಅಂತರ್ಜಾಲದಲ್ಲಿ ಕೊಂಡಿಯೇ ಸನದ್. ಕೊಂಡಿ ಬಿಟ್ಟು ಪರದೆಯ ಚಿತ್ರವನ್ನಷ್ಟೇ ತೆಗೆದು ಕಳುಹಿಸುವವನು ಸನದನ್ನು ಕತ್ತರಿಸಿ ಮತನ್ ಮಾತ್ರ ಹಂಚುತ್ತಿದ್ದಾನೆ.

ಕತ್ತರಿಸಿದರೆ ಏನಾಗುತ್ತದೆ? 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿ ಹೊರಟುಹೋದರು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಿಡಿಯೊ ದೇಶವೆಲ್ಲ ಸುತ್ತಿತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಿಸಿದ ಚಿತ್ರ. ಮಗುವನ್ನು ಮರಳಿ ತಂದುಬಿಟ್ಟು, ಸಂದೇಶದ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಹೈದರಾಬಾದಿನ ಕಡೆಯಿಂದ ಬಂದಿದ್ದ ಯುವಕರ ಮೇಲೆ ಗುಂಪು ಎರಗಿತು. ಸುದ್ದಿ ಅವರ ಕಾರಿಗಿಂತ ಮುಂದಾಗಿ ವಾಟ್ಸ್‌ಆ್ಯಪ್‌ನಲ್ಲಿ ಹೋಗಿತ್ತು. ಒಬ್ಬ ಎಂಜಿನಿಯರ್ ಯುವಕ ಪ್ರಾಣ ಕಳೆದುಕೊಂಡ. ಆ ತಿಂಗಳೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂಬ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ದಾಟಿಬಂದ ಸಂದೇಶಕ್ಕೆ ಆ ಮಿತಿ ಒಂದಕ್ಕೆ ಇಳಿಯಿತು. ಇಂಥ ಸಂದೇಶದ ಮೇಲೆ ಜೋಡಿ ಬಾಣದ ಗುರುತು ಇರುತ್ತದೆ. ಅದನ್ನು ಕಂಡರೆ ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳಿ.

ಇಷ್ಟು ಘೋರವಲ್ಲದ, ಆದರೆ ನಮ್ಮ ಮಕ್ಕಳಿಗೆ ನೇರವಾಗಿ ತಟ್ಟುವ ನಷ್ಟವೂ ಇದೆ. ವಿದ್ಯಾರ್ಥಿವೇತನದ ಸುದ್ದಿಯನ್ನೇ ನೋಡಿ. ಕೇಂದ್ರ ಸರ್ಕಾರ ಅಲ್ಪಸಂಖ್ಯಾತರ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು 2022-23ರಿಂದ 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಿತು. ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ನಿಲ್ಲಿಸಿರುವುದಾಗಿ 2022ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಿತು. ಅದಕ್ಕಿಂತ ಹಿಂದಿನ ಪ್ರಕಟಣೆಯ ಚಿತ್ರವೊಂದು ದಿನಾಂಕ ಕಳಚಿಕೊಂಡು ಕೈಗೆ ಬಂದರೆ, ಕೂಲಿ ಬಿಟ್ಟು ಆದಾಯ ಪ್ರಮಾಣಪತ್ರಕ್ಕಾಗಿ ಸಾಲಿನಲ್ಲಿ ನಿಲ್ಲುವವಳು ಯಾರದೋ ತಾಯಿ. ಇದಕ್ಕೆ ಮದ್ದು ಸುಲಭ. ಸುದ್ದಿ ಬಂದ ಕೂಡಲೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಅಥವಾ ನಮ್ಮ ರಾಜ್ಯದ ಎಸ್‌ಎಸ್‌ಪಿ ತಾಣವನ್ನು ನೀವೇ ತೆರೆದು ನೋಡಿ. ಬಂದ ಕೊಂಡಿಯನ್ನೇ ಒತ್ತುವುದಾದರೆ ಮೊದಲು ವಿಳಾಸ ಓದಲು ಕಲಿಯಿರಿ. ಆರಂಭದ ಜೋಡಿ ಓರೆಗೆರೆ ದಾಟಿದ ಮೇಲೆ ಸಿಗುವ ಮೊದಲ ಒಂಟಿ ಓರೆಗೆರೆಗೆ ತಾಗಿಕೊಂಡು, ಅದರ ಎಡಕ್ಕೆ ‘ಡಾಟ್ ಗವ್ ಡಾಟ್ ಇನ್’ ಅಥವಾ ‘ಡಾಟ್ ನಿಕ್ ಡಾಟ್ ಇನ್’ ಇದ್ದರೆ ಅದು ಸರ್ಕಾರದ ತಾಣ. ಈ ಅಕ್ಷರಗಳು ವಿಳಾಸದ ಆರಂಭದಲ್ಲೋ ನಡುವಿನಲ್ಲೋ ಇದ್ದು, ಆ ಓರೆಗೆರೆಯ ಬಳಿ ಬೇರೇನೋ ಇದ್ದರೆ ಅದು ಸರ್ಕಾರದ್ದಲ್ಲ. ಅಂಥ ಕಡೆ ಆಧಾರ್ ಸಂಖ್ಯೆ, ಒಟಿಪಿ ಕೊಡಬೇಡಿ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವನ್ನೇ ಪ್ರಶ್ನೆ ಕೇಳುವವರು ಹೆಚ್ಚಿದ್ದಾರೆ. ಕೇಳಿ, ತಪ್ಪಿಲ್ಲ. ಅದು ತಪ್ಪನ್ನೂ ಸರಿಯನ್ನೂ ಒಂದೇ ಗಾಂಭೀರ್ಯದಿಂದ ಹೇಳಬಲ್ಲದು; ಆದ್ದರಿಂದ ಆಧಾರ ಕೇಳಿ, ಆ ಆಧಾರವನ್ನು ತೆರೆದು ಓದಿ.

ಇಲ್ಲಿಯವರೆಗೆ ಹೇಳಿದ್ದು ಪಡೆಯುವ ಮಾತು. ಕೊಡುವ ಮಾತೂ ಇದೆ, ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಪಾವಗಡದಲ್ಲಿ ಅದರ ಜೊತೆಗೆ ತೆಲುಗು ಆಡುವ ಮಕ್ಕಳು ನೀವು. ಶಿರಾದಲ್ಲಿ 1651ರ ಮಲಿಕ್ ರಿಹಾನ್ ಗೋರಿ ಇದೆ, 1696ರ ಜುಮ್ಮಾ ಮಸೀದಿ ಇದೆ. 1687ರ ನಂತರ ಅದು ಮೊಘಲರ ಸುಬಾದ ರಾಜಧಾನಿಯಾಗಿತ್ತು. ಪಾವಗಡದ ತಿರುಮಣಿ ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವಾಟ್‌ನ ಸೌರ ಪಾರ್ಕ್ ಮಾಡಿದ್ದಾರೆ. ಮೆಗಾವಾಟ್ ಲೆಕ್ಕ ದೂರದವರೂ ಬರೆದಾರು. ಆ ಹಳ್ಳಿಗಳಲ್ಲಿ ಜಮೀನು ಕೊಟ್ಟವರ, ಜಮೀನೇ ಇಲ್ಲದ ಕೂಲಿಯವರ ಬದುಕು ಏನಾಯಿತೆಂದು ಕೇಳಿ ಬರೆಯಬಲ್ಲವರು ನೀವು. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಯಾರು ಬೇಕಾದರೂ ಅಲ್ಲಿ ಬರೆಯಬಹುದು. ಆದರೆ ಪ್ರತಿ ಮಾತಿಗೂ ಪ್ರಕಟವಾದ ಆಧಾರ ಕೇಳುತ್ತಾರೆ, ಅಂದರೆ ಅಲ್ಲಿಯೂ ಸನದ್. ಹಳ್ಳಿಯವರ ಬಾಯಿಮಾತನ್ನು ನೇರವಾಗಿ ಅಲ್ಲಿ ಹಾಕಲಾಗದು. ಅದನ್ನು ಮೊದಲು ಇಂಥ ಸಂಚಿಕೆಯಲ್ಲಿ ಲೇಖನವಾಗಿ ಅಚ್ಚು ಮಾಡಿಸಬೇಕು.

ಇಲ್ಲೊಂದು ತಾಂತ್ರಿಕ ತೊಡಕಿದೆ. ನಮ್ಮಂಥ ಸಂಘಗಳ ಹಳೆಯ ಸಂಚಿಕೆಗಳನ್ನು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಗಳಲ್ಲಿ ಜೋಡಿಸುತ್ತಿದ್ದರು. ಕಣ್ಣಿಗೆ ಅದು ಕನ್ನಡ. ಗಣಕಕ್ಕೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂಥ ಕಡತವನ್ನು ಹಾಗೆಯೇ ಜಾಲಕ್ಕೆ ಏರಿಸಿದರೆ ‘ಶಿರಾ’ ಎಂದು ಹುಡುಕಿದವನಿಗೆ ಅದು ಸಿಗುವುದಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಿದರೆ ಸಿಗುತ್ತದೆ. ಪರಿವರ್ತಿಸುವ ಸೌಲಭ್ಯ ನುಡಿ, ಬರಹ ತಂತ್ರಾಂಶಗಳಲ್ಲೇ ಇದೆ. ಆದರೆ ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದರಿಂದ ಒಬ್ಬರು ಕೂತು ಮೂಲದೊಡನೆ ಹೋಲಿಸಿ ತಿದ್ದಬೇಕು. ಹಳೆಯ ಸಂಚಿಕೆಗಳಿಂದಲೇ ಈ ಕೆಲಸವನ್ನು ಆರಂಭಿಸಬೇಕೆಂದು ಸಂಘವನ್ನು ಕೇಳಿಕೊಳ್ಳುತ್ತೇನೆ. ಕನ್ನಡ ಟೈಪಿಂಗ್ ಬರುವ ವಿದ್ಯಾರ್ಥಿಗಳು, ಅದರಲ್ಲೂ ವಿದ್ಯಾರ್ಥಿನಿಯರು, ಊಟಕ್ಕೆ ಏಳುವ ಮೊದಲು ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ.