ಯಂತ್ರ ಬರೆದ ಪತ್ರಕ್ಕೆ ಸಹಿ ಯಾರದು?



ದುಬೈನ ಕರಾಮಾ, ಸತ್ವಾ, ದೇರಾಗಳ ಓಣಿಗಳಲ್ಲಿ ದೀಪದ ಕಂಬಗಳಿಗೆ ಅಂಟಿಸಿದ ಸಣ್ಣ ಚೀಟಿಗಳನ್ನು ನೋಡದ ವಲಸಿಗರು ಕಡಿಮೆ. 'ಬೆಡ್‌ಸ್ಪೇಸ್ ಇದೆ, ಎಕ್ಸಿಕ್ಯುಟಿವ್ ಬ್ಯಾಚುಲರ್‌ಗಳಿಗೆ ಮಾತ್ರ, ಮೆಟ್ರೋಗೆ ಹತ್ತಿರ.' ಕೆಳಗೆ ಹರಿದುಕೊಂಡು ಹೋಗಲು ಅನುವಾಗುವಂತೆ ಕತ್ತರಿಸಿ ಬಿಟ್ಟ ತುಂಡುಗಳಲ್ಲಿ ಫೋನ್ ಸಂಖ್ಯೆ. ಬಾಡಿಗೆಗೆ ಇರುವುದು ಮನೆಯಲ್ಲ, ಕೋಣೆಯೂ ಅಲ್ಲ, ಒಂದು ಮಂಚ. ಅದೇ ನಗರದ ಇನ್ನೊಂದು ಮಗ್ಗುಲಲ್ಲಿ, ಗಾಜಿನ ಗೋಪುರಗಳ ಕಚೇರಿಗಳಲ್ಲಿ, ಮನೆಯ ಜಾಹೀರಾತುಗಳನ್ನು ಇಂದು ಚಾಟ್‌ಜಿಪಿಟಿಯಂಥ ಯಂತ್ರಗಳು ಬರೆಯುತ್ತಿವೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಎಸಿ ಯಂತ್ರಗಳು ಮೊರೆಯುವ ಫ್ಲ್ಯಾಟನ್ನೂ ಅವು ಪ್ರಶಾಂತ, ಸೊಗಸಾದ, ನಗರಜೀವನದ ಹೃದಯದಲ್ಲಿರುವ ಮನೆ ಎಂದು ಬಣ್ಣಿಸಬಲ್ಲವು.

ಪ್ರಗತಿಪರ ಸಾಹಿತ್ಯ ವಲಯಕ್ಕೆ ದಲ್ಲಾಳಿ ಎಂಬ ಪಾತ್ರ ಎಂದೂ ಪ್ರಿಯವಾಗಿರಲಿಲ್ಲ. ಆ ಪದವನ್ನು ಬೈಗುಳದಂತೆ ಬಳಸಿದ ಬರಹಗಳೇ ಹೆಚ್ಚು. ಆದರೆ ಕೊಲ್ಲಿಗೆ ಬಂದ ಕನ್ನಡಿಗರಲ್ಲಿ, ಅದರಲ್ಲೂ ಕರಾವಳಿಯವರಲ್ಲಿ, ಈ ವೃತ್ತಿಯಿಂದ ಹೊಟ್ಟೆ ಹೊರೆದುಕೊಳ್ಳುವವರು ಇದ್ದಾರೆ. ಮಿಕ್ಕವರಲ್ಲಿ ಬಹುಪಾಲು ಬಾಡಿಗೆದಾರರು. ಹಾಗಾಗಿ ಬ್ರೋಕರ್ ಯಾವ ಉಪಕರಣವನ್ನು ಹೇಗೆ ಬಳಸುತ್ತಾನೆ ಎಂಬ ಪ್ರಶ್ನೆ ವ್ಯಾಪಾರದ ಜಾಣತನಕ್ಕಷ್ಟೇ ಸೇರಿದ್ದಲ್ಲ. ನಿವಾಸಿಗಳಲ್ಲಿ ಬಹುಪಾಲು ಜನರಿಗೆ ಪೌರತ್ವವಿಲ್ಲದ, ಕೆಲಸ ಹೋದರೆ ವೀಸಾವೂ ಅಲುಗಾಡುವ ನಾಡಿನಲ್ಲಿ ಬಾಡಿಗೆ ಕರಾರು ಎಂಬುದು ಬದುಕಿನ ಆಧಾರಪತ್ರಗಳಲ್ಲಿ ಒಂದು.

ಒಂದು ಲೆಕ್ಕವನ್ನು ನೋಡಬೇಕು. ದುಬೈನಲ್ಲಿ ಕರಾರು ನವೀಕರಿಸುವಾಗ ಬಾಡಿಗೆ ಎಷ್ಟು ಏರಬಹುದೆಂಬುದನ್ನು 2013ರ 43ನೇ ಸಂಖ್ಯೆಯ ಆಜ್ಞೆ ನಿಗದಿಪಡಿಸುತ್ತದೆ. ಈಗಿನ ಬಾಡಿಗೆ ಅಂಥ ಮನೆಗಳ ಸರಾಸರಿ ಬಾಡಿಗೆಗಿಂತ ಶೇ 10ರವರೆಗೆ ಕಡಿಮೆಯಿದ್ದರೆ ಏರಿಕೆಯೇ ಇಲ್ಲ. ಶೇ 11ರಿಂದ 20ರಷ್ಟು ಕಡಿಮೆಯಿದ್ದರೆ ಶೇ 5. 21ರಿಂದ 30ಕ್ಕೆ ಶೇ 10. 31ರಿಂದ 40ಕ್ಕೆ ಶೇ 15. ಅದಕ್ಕೂ ಮೀರಿದರೆ ಶೇ 20. ಸರಾಸರಿಯನ್ನು ಹೇಳುವುದು ಭೂ ಇಲಾಖೆಯ ಬಾಡಿಗೆ ಸೂಚ್ಯಂಕ. 2025ರ ಜನವರಿಯಲ್ಲಿ ಅದು ಕೃತಕ ಬುದ್ಧಿಮತ್ತೆಯನ್ನು ಬಳಸಿ ಕಟ್ಟಡಗಳಿಗೆ ನಕ್ಷತ್ರಗಳ ದರ್ಜೆ ಕೊಡುವ ಹೊಸ ರೂಪ ತಾಳಿತು.

ಅಲ್ ಕುಸೈಸ್‌ನಲ್ಲಿ ವರ್ಷಕ್ಕೆ 60,000 ದಿರ್ಹಮ್ ಕೊಡುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಸೂಚ್ಯಂಕ ಆ ಮನೆಗೆ 74,000 ಎನ್ನುತ್ತದೆ. ವ್ಯತ್ಯಾಸ 14,000. ಆಜ್ಞೆ ಕೇಳುವುದು ಸರಾಸರಿಗಿಂತ ಎಷ್ಟು ಕಡಿಮೆ ಎಂದು. ಆದ್ದರಿಂದ ಭಾಗಿಸಬೇಕಾದ್ದು 74,000ದಿಂದ. ಬರುವುದು ಶೇ 19ರ ಹತ್ತಿರ, ಅನುಮತಿಯಿರುವ ಏರಿಕೆ ಶೇ 5, ಹೊಸ ಬಾಡಿಗೆ 63,000. ಅದೇ ವ್ಯತ್ಯಾಸವನ್ನು ಈಗಿನ ಬಾಡಿಗೆಯಾದ 60,000ದಿಂದ ಭಾಗಿಸಿದರೆ ಶೇ 23 ದಾಟುತ್ತದೆ, ಏರಿಕೆ ಶೇ 10 ಆಗುತ್ತದೆ, ಬಾಡಿಗೆ 66,000ಕ್ಕೆ ಹೋಗುತ್ತದೆ. ಛೇದದಲ್ಲಿ ಯಾವ ಸಂಖ್ಯೆ ಎಂಬ ಒಂದೇ ತಪ್ಪಿಗೆ 3,000 ದಿರ್ಹಮ್. ಮನುಷ್ಯರೂ ಮಾಡುವ ತಪ್ಪೇ ಇದು. ಯಂತ್ರದಲ್ಲಿ ಅಪಾಯ ಹೆಚ್ಚಲು ಕಾರಣ, ತಪ್ಪು ಉತ್ತರವನ್ನೂ ಅದು ಸರಿಯುತ್ತರದಷ್ಟೇ ಗಾಂಭೀರ್ಯದಿಂದ, ಕಾನೂನಿನ ಸಂಖ್ಯೆಯನ್ನೂ ಸೇರಿಸಿ, ಶುದ್ಧ ಇಂಗ್ಲಿಷಿನಲ್ಲಿ ಬರೆದುಕೊಡುತ್ತದೆ. ಮನೆ ಮಾಲೀಕನ ಪರವಾಗಿ ಅಂಥ ಪತ್ರ ಬಂದಾಗ, ಇಂಗ್ಲಿಷನ್ನು ತಡವರಿಸಿ ಓದುವ ಬಾಡಿಗೆದಾರ ಅದನ್ನು ಸರಕಾರದ ಮಾತೆಂದೇ ತಿಳಿದುಬಿಡುತ್ತಾನೆ.

ಗಡಿ ದಾಟಿದರೆ ನಿಯಮ ಬೇರೆ. ಅಬುಧಾಬಿಯಲ್ಲಿ ನವೀಕರಣದ ಏರಿಕೆಗೆ ವರ್ಷಕ್ಕೆ ಶೇ 5ರ ಮಿತಿಯಿದೆ. ಕರಾರಿನ ನೋಂದಣಿ ಅಲ್ಲಿ ತೌಸೀಕ್, ದುಬೈನಲ್ಲಿ ಇಜಾರಿ. ಒಂದೂವರೆ ಗಂಟೆಯ ಹಾದಿಯ ಈ ಎರಡು ಎಮಿರೇಟುಗಳ ಕಾನೂನುಗಳನ್ನು ಸಾಮಾನ್ಯ ಚಾಟ್‌ಬಾಟ್ ಬೆರೆಸಿಬಿಡುವುದು ಸುಲಭ. ಅದಕ್ಕೆ ಎರಡೂ 'ಯುಎಇ'ಯೇ. ವಿವೇಕವುಳ್ಳ ಬ್ರೋಕರ್ ಪತ್ರದ ಭಾಷೆಯನ್ನು ಯಂತ್ರದಿಂದ ತಿದ್ದಿಸಿಕೊಳ್ಳಬಹುದು. ಅಂಕಿಯನ್ನು ಮಾತ್ರ ಭೂ ಇಲಾಖೆಯ ಆ್ಯಪ್‌ನಿಂದಲೇ ತೆಗೆಯಬೇಕು, ಲೆಕ್ಕವನ್ನು ಕೈಯಲ್ಲೇ ಮಾಡಬೇಕು.

ಜಾಹೀರಾತಿನ ವಿಷಯವೂ ಹೀಗೆಯೇ. ದುಬೈನಲ್ಲಿ ಆಸ್ತಿಯ ಜಾಹೀರಾತಿಗೆ ತ್ರಖೀಸಿ ವ್ಯವಸ್ಥೆಯ ಪರವಾನಗಿ ಸಂಖ್ಯೆ ಬೇಕು, ಬ್ರೋಕರ್‌ಗೆ ನೋಂದಣಿ ಬೇಕು. ಯಂತ್ರಕ್ಕೆ ಎರಡೂ ಇಲ್ಲ. 2024ರ ಫೆಬ್ರವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಯ ಮುಂದೆ ಏರ್ ಕೆನಡಾ ವಿಮಾನ ಸಂಸ್ಥೆಯ ಪ್ರಕರಣವೊಂದು ಬಂದಿತ್ತು. ಸಂಸ್ಥೆಯ ಚಾಟ್‌ಬಾಟ್ ಪ್ರಯಾಣಿಕನೊಬ್ಬನಿಗೆ ರಿಯಾಯಿತಿಯ ನಿಯಮವನ್ನು ತಪ್ಪಾಗಿ ಹೇಳಿತ್ತು. ಚಾಟ್‌ಬಾಟ್‌ನ ಮಾತಿಗೆ ತಾನು ಹೊಣೆಯಲ್ಲವೆಂಬ ಧಾಟಿಯ ಸಂಸ್ಥೆಯ ವಾದವನ್ನು ಮಂಡಳಿ ಒಪ್ಪಲಿಲ್ಲ, ಪರಿಹಾರ ಕೊಡಿಸಿತು. ಅದು ದೂರದ ದೇಶದ ತೀರ್ಪು, ಇಲ್ಲಿಗೆ ಅನ್ವಯಿಸುವುದಿಲ್ಲ. ತರ್ಕ ಮಾತ್ರ ಎಲ್ಲೆಡೆ ಸಲ್ಲುವಂಥದು.

ಬೆಲೆಯ ಭವಿಷ್ಯ ಹೇಳುವ ಉಪಕರಣಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಪಾರ ದತ್ತಾಂಶವಿದ್ದ ಅಮೆರಿಕದ ಜಿಲ್ಲೋ ಕಂಪನಿ ತನ್ನ ಲೆಕ್ಕಾಚಾರವನ್ನು ನಂಬಿ ಮನೆಗಳನ್ನು ಕೊಂಡು ಮಾರುವ ವ್ಯವಹಾರಕ್ಕಿಳಿದು, 2021ರ ನವೆಂಬರಿನಲ್ಲಿ ಅದನ್ನು ಮುಚ್ಚುವುದಾಗಿ ಘೋಷಿಸಿತು. ಕಾಲು ಭಾಗದಷ್ಟು ನೌಕರರು ಕೆಲಸ ಕಳೆದುಕೊಂಡರು. ದುಬೈನ ಮಾರುಕಟ್ಟೆ 2008ರಲ್ಲಿ ಕುಸಿದದ್ದನ್ನು ಕಂಡವರು ಇಲ್ಲಿ ಇನ್ನೂ ಇದ್ದಾರೆ. ಈಚಿನ ಏರಿಕೆಯ ವರ್ಷಗಳನ್ನಷ್ಟೇ ಕಲಿತ ಯಂತ್ರಕ್ಕೆ ಆ ನೆನಪಿಲ್ಲ.

ಇದಕ್ಕಿಂತ ಗಂಭೀರವಾದದ್ದು ಯಾರಿಗೆ ಮನೆ ತೋರಿಸಬೇಕೆಂಬ ಆಯ್ಕೆ. ವಿಚಾರಿಸಿದ ನೂರು ಜನರಲ್ಲಿ ಯಾರಿಗೆ ಮೊದಲು ಫೋನ್ ಮಾಡಬೇಕೆಂದು ಅಂಕ ಕೊಡುವ ತಂತ್ರಾಂಶಗಳು ಈಗ ಬ್ರೋಕರ್‌ಗಳ ಕೈಯಲ್ಲಿವೆ. ಅವು ಕಲಿಯುವುದು ಹಿಂದಿನ ವ್ಯವಹಾರಗಳಿಂದ. ಹಿಂದಿನ ವ್ಯವಹಾರಗಳಲ್ಲಿ ಏನಿತ್ತು? ಇಂಥ ದೇಶದವರಿಗೆ ಮಾತ್ರ, ಇಂಥ ರಾಜ್ಯದ ಕುಟುಂಬಕ್ಕೆ ಮಾತ್ರ ಎಂಬ ಚೀಟಿಗಳಿದ್ದವು. ಇದನ್ನು ಕೊಲ್ಲಿಯ ರೋಗವೆಂದು ಕನ್ನಡಿಗರು ಮೂಗು ಮುರಿಯುವಂತಿಲ್ಲ. ಬೆಂಗಳೂರಿನ 'ಸಸ್ಯಾಹಾರಿಗಳಿಗೆ ಮಾತ್ರ' ಬೋರ್ಡಿನ ಹಿಂದೆ ಯಾವ ಪ್ರಶ್ನೆ ಅಡಗಿದೆಯೆಂಬುದು ಅಲ್ಲಿ ಮನೆ ಹುಡುಕಿದ ದಲಿತರಿಗೂ ಮುಸ್ಲಿಮರಿಗೂ ಚೆನ್ನಾಗಿ ಗೊತ್ತು. ಬೋರ್ಡನ್ನು ಫೋಟೋ ತೆಗೆದು ಪ್ರಶ್ನಿಸಬಹುದು. ಯಂತ್ರ ಕೊಟ್ಟ ಕಡಿಮೆ ಅಂಕವನ್ನು ಪ್ರಶ್ನಿಸುವುದು ಹೇಗೆ? ಫೋನ್ ಬರಲಿಲ್ಲ ಎಂಬುದಷ್ಟೇ ಆ ಮನುಷ್ಯನಿಗೆ ಗೊತ್ತಾಗುವುದು. ಅಮೆರಿಕದಲ್ಲಿ ವಸತಿ ಜಾಹೀರಾತುಗಳನ್ನು ತಾರತಮ್ಯದಿಂದ ಹಂಚಿದ ಆರೋಪವನ್ನು ಅಲ್ಲಿನ ವಸತಿ ಇಲಾಖೆ 2019ರಲ್ಲಿ ಫೇಸ್‌ಬುಕ್ ಮೇಲೆ ಹೊರಿಸಿತು. 2022ರಲ್ಲಿ ನ್ಯಾಯಾಂಗ ಇಲಾಖೆಯೊಡನೆ ಆದ ಒಪ್ಪಂದದಂತೆ ಕಂಪನಿ ವಸತಿ ಜಾಹೀರಾತಿಗೆ ಬಳಸುತ್ತಿದ್ದ ಒಂದು ಉಪಕರಣವನ್ನು ಕೈಬಿಡಬೇಕಾಯಿತು. ಯುಎಇಯಲ್ಲೂ ಧರ್ಮ, ಜನಾಂಗ, ವರ್ಣಗಳ ಆಧಾರದ ತಾರತಮ್ಯದ ವಿರುದ್ಧ 2015ರಿಂದ ಒಕ್ಕೂಟ ಕಾನೂನಿದೆ. ಹೆಸರು, ದೇಶ, ಧರ್ಮಗಳ ಕಾಲಂಗಳನ್ನು ಯಂತ್ರಕ್ಕೆ ಕೊಡದಿರುವುದು ಬ್ರೋಕರ್ ಕೈಯಲ್ಲೇ ಇದೆ.

ಕೊಡಬಾರದ ಇನ್ನೊಂದು ಸಂಗತಿ ಪಾಸ್‌ಪೋರ್ಟ್. ಗ್ರಾಹಕರ ಪಾಸ್‌ಪೋರ್ಟ್ ಪ್ರತಿ, ಎಮಿರೇಟ್ಸ್ ಐಡಿ, ಸಂಬಳದ ಪತ್ರಗಳನ್ನು ಉಚಿತ ಚಾಟ್‌ಬಾಟ್‌ಗೆ ಹಾಕಿ 'ಸಾರಾಂಶ ಕೊಡು' ಎನ್ನುವುದಕ್ಕೆ ಅರ್ಧ ನಿಮಿಷ ಸಾಕು. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2021ರ 45ನೇ ಸಂಖ್ಯೆಯ ಒಕ್ಕೂಟ ಕಾನೂನು ಬಂದಿದೆ. ಕಾನೂನನ್ನು ಬದಿಗಿಟ್ಟರೂ, ಮಾಲೀಕನ ಡ್ರಾಯರಿನಲ್ಲಿ ಸಿಕ್ಕಿಕೊಂಡ ಪಾಸ್‌ಪೋರ್ಟಿಗಾಗಿ ವರ್ಷಗಟ್ಟಲೆ ಕಾದ ಕಾರ್ಮಿಕರ ಕಥೆಗಳನ್ನು ಕೇಳಿ ಬೆಳೆದ ಸಮುದಾಯಕ್ಕೆ ಆ ಪುಸ್ತಿಕೆಯ ಬೆಲೆಯನ್ನು ಹೇಳಿಕೊಡಬೇಕಿಲ್ಲ.

ಕೊಲ್ಲಿಯ ಕನ್ನಡಿಗ ಬ್ರೋಕರ್ ಊರಿನ ಆಸ್ತಿಯನ್ನೂ ಮಾರುತ್ತಾನೆ. ಬೆಂಗಳೂರಿನ ಕಂಪನಿಗಳು ದುಬೈನಲ್ಲಿ ಪ್ರದರ್ಶನ ಹಾಕುತ್ತವೆ. ಪಹಣಿ, ಕ್ರಯಪತ್ರಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ಹಳೆಯ ಕನ್ನಡ ಬರಹ ಓದಲು ಬಾರದ ಎರಡನೆಯ ತಲೆಮಾರು ಅವನ್ನು ಯಂತ್ರಕ್ಕೆ ಕೊಟ್ಟು ಇಂಗ್ಲಿಷ್ ಮಾಡಿಸಿಕೊಳ್ಳುತ್ತದೆ. 'ಖರಾಬು' ಎಂಬ ಪದ ಅಲ್ಲಿ 'ಕೆಟ್ಟ ಜಮೀನು' ಎಂದಾಗಬಹುದು. ಬಿ ಖರಾಬು ಎಂದರೆ ರಸ್ತೆ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ, ಮಾರುವವನದಲ್ಲ. ದಕ್ಷಿಣ ಕನ್ನಡದ 'ಕುಮ್ಕಿ'ಗಂತೂ ಇಂಗ್ಲಿಷಿನಲ್ಲಿ ಸಮಪದವೇ ಇಲ್ಲ. ವರ್ಗ ಜಮೀನಿಗೆ ತಾಗಿದ ಆ ಸರಕಾರಿ ಭೂಮಿಯಲ್ಲಿ ರೈತನಿಗಿದ್ದದ್ದು ಸೊಪ್ಪು ಸೌದೆಯಂಥ ಸವಲತ್ತು. ಇನ್ನು 'ಮಂಜೂರಾದ ಜಮೀನು' ಎಂಬ ಎರಡು ಪದಗಳು ಸಾರಾಂಶದಲ್ಲಿ ಬಿಟ್ಟುಹೋದರೆ? ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಕೊಟ್ಟ ಭೂಮಿಯನ್ನು ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು ಕರ್ನಾಟಕದ 1978ರ ಪಿಟಿಸಿಎಲ್ ಕಾಯ್ದೆ ತಡೆಯುತ್ತದೆ. ಕಾಲ ಮೀರಿತೆಂದು ಮರುವಶದ ಅರ್ಜಿಗಳು ತಿರಸ್ಕೃತವಾಗುತ್ತಿದ್ದಾಗ ದಲಿತ ಸಂಘಟನೆಗಳು ಹೋರಾಡಿದವು, 2023ರ ತಿದ್ದುಪಡಿ ಕಾಲಮಿತಿಯ ಆ ಅಡ್ಡಿಯನ್ನು ತೆಗೆಯಿತು. ಯಂತ್ರದ ಅರ್ಧ ಪುಟದ ಸಾರಾಂಶವನ್ನು ನಂಬಿ ಹಣ ಕೊಟ್ಟ ಅನಿವಾಸಿ, ತನಗೆ ಅರಿವಿಲ್ಲದೆಯೇ ಯಾರದೋ ಕಸಿದ ಎರಡೆಕರೆಯ ಮೇಲೆ ಮನೆ ಕಟ್ಟಿಸಿರುತ್ತಾನೆ. ಕೃಷಿಭೂಮಿಯನ್ನು ಅನಿವಾಸಿ ಭಾರತೀಯರು ಕೊಳ್ಳುವುದಕ್ಕೆ ಫೆಮಾ ನಿಯಮಗಳಲ್ಲಿ ಅವಕಾಶವಿಲ್ಲ ಎಂಬುದನ್ನು 'ಫಾರ್ಮ್ ಪ್ಲಾಟ್' ಜಾಹೀರಾತುಗಳು ಹೇಳುವುದಿಲ್ಲ. ಕೇಳದಿದ್ದರೆ ಯಂತ್ರವೂ ಹೇಳಲಾರದು.

ಹಾಗೆಂದು ಉಪಕರಣವನ್ನು ಮುಟ್ಟಬಾರದೆನ್ನುವುದು ಮಡಿವಂತಿಕೆ. ಅರಬ್ಬಿ ಮತ್ತು ಇಂಗ್ಲಿಷಿನ ಕರಾರಿನಲ್ಲಿ ಏನಿದೆಯೆಂದು ಚಾಲಕನೊಬ್ಬನಿಗೆ ಕನ್ನಡದಲ್ಲಿ ಓದಿ ಹೇಳಲು, ಕರಾರಿನ ಷರತ್ತು ಬದಲಿಸಲು 90 ದಿನ ಮೊದಲೇ ತಿಳಿಸಬೇಕೆಂಬ ದುಬೈ ನಿಯಮವನ್ನು ನೆನಪಿಸುವ ಮರುಪತ್ರ ಬರೆಯಲು, ಎರಡು ವರ್ಷದ ಕರಾರುಗಳನ್ನು ಪಕ್ಕಪಕ್ಕ ಇಟ್ಟು ಸದ್ದಿಲ್ಲದೆ ಸೇರಿಕೊಂಡ ಸಾಲನ್ನು ಹುಡುಕಲು ಇದಕ್ಕಿಂತ ಅಗ್ಗದ ಸಹಾಯಕ ಹಿಂದೆಂದೂ ಸಿಕ್ಕಿರಲಿಲ್ಲ. ಬ್ರೋಕರ್‌ಗೆ ಸಿಕ್ಕ ಈ ಸಹಾಯಕ ಬಾಡಿಗೆದಾರನಿಗೂ ಸಿಕ್ಕಿದ್ದಾನೆ. ಕನ್ನಡ ಸಂಘಗಳು ನವೆಂಬರಿನ ಕಾರ್ಯಕ್ರಮದ ನಡುವೆ ಒಂದು ಸಂಜೆಯನ್ನು ಇದಕ್ಕೆ ಮೀಸಲಿಟ್ಟರೆ ರಾಜ್ಯೋತ್ಸವಕ್ಕೆ ಕುಂದೇನೂ ಬಾರದು.

ಮತ್ತೆ ಅಲ್ ಕುಸೈಸ್‌ನ ಆ ಮನೆಗೆ ಬಂದರೆ, ಯಂತ್ರ ಬರೆದ 66,000ದ ಪತ್ರ ಮೇಜಿನ ಮೇಲಿದೆ. ತಪ್ಪು ಎಂದು ಆ ಕುಟುಂಬಕ್ಕೆ ಗೊತ್ತಾಯಿತೆಂದೇ ಇಟ್ಟುಕೊಳ್ಳಿ. ಮಾಲೀಕ ಒಪ್ಪದಿದ್ದರೆ ಬಾಡಿಗೆ ವ್ಯಾಜ್ಯ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ದಾವೆಯ ಶುಲ್ಕ ವಾರ್ಷಿಕ ಬಾಡಿಗೆಯ ಶೇ 3.5. ಅಂದರೆ 60,000ಕ್ಕೆ 2,100 ದಿರ್ಹಮ್. ದಾಖಲೆಗಳ ಅರಬ್ಬಿ ಅನುವಾದದ ಖರ್ಚು ಬೇರೆ. ವ್ಯಾಜ್ಯ ಇರುವುದು 3,000ಕ್ಕೆ.