ಸಸಿ ಹಚ್ಚಿದವರ ಬುತ್ತಿ



ಅಮೆರಿಕದ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್ 2013ರಿಂದ ವರ್ಷವರ್ಷವೂ ಅಲ್ಲಿನ ಜನರಿಗೆ ಒಂದು ಪ್ರಶ್ನೆ ಕೇಳುತ್ತ ಬಂದಿದೆ. ದಿಢೀರನೆ 400 ಡಾಲರಿನ ಖರ್ಚು ಬಂದರೆ ಹೇಗೆ ನಿಭಾಯಿಸುತ್ತೀರಿ? 2023ರಲ್ಲಿ ನೂರಕ್ಕೆ 63 ಮಂದಿ ಕೈಯಲ್ಲಿರುವ ಹಣದಲ್ಲೇ ಕೊಡುತ್ತೇವೆ ಅಂದರು. ಉಳಿದ 37 ಮಂದಿ ಸಾಲ ಮಾಡಬೇಕು, ಏನಾದರೂ ಮಾರಬೇಕು, ಇಲ್ಲವೆ ಆ ಖರ್ಚನ್ನೇ ಕೈಬಿಡಬೇಕು. ಅಲ್ಲಿನ ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರ ಜುಲೈನಲ್ಲಿ ನಿಂತಿದ್ದು ಅಲ್ಲೇ ನಿಂತಿದೆ. ಲೋಕದ ಅತಿ ದೊಡ್ಡ ಶ್ರೀಮಂತ ದೇಶದ ಅಡುಗೆಮನೆಯ ಲೆಕ್ಕ ಇದು.

ಆ ಪ್ರಶ್ನೆ ನನಗೆ ಹಿಡಿಸುವುದಕ್ಕೆ ಕಾರಣವಿದೆ. ಅದು ನಿಮ್ಮ ಸಂಬಳ ಎಷ್ಟು ಅಂತ ಕೇಳುವುದಿಲ್ಲ. ಇವತ್ತು ರಾತ್ರಿ ಮಗುವಿಗೆ ಜ್ವರ ಏರಿದರೆ ಏನು ಮಾಡುತ್ತೀರಿ ಅಂತ ಕೇಳುತ್ತದೆ. ಬಳ್ಳಾರಿಗೆ ಈ ಪ್ರಶ್ನೆ ಹೆಚ್ಚು ಬೇಕು. ಯಾಕೆಂದರೆ ನಮ್ಮ ಜಿಲ್ಲೆಯ ತಲಾ ಆದಾಯದ ಅಂಕಿ ನಮ್ಮನ್ನು ಸದಾ ದಾರಿ ತಪ್ಪಿಸುತ್ತ ಬಂದಿದೆ. ಅದಿರು, ಉಕ್ಕು, ವಿದ್ಯುತ್ತು ಎಲ್ಲವನ್ನೂ ಕೂಡಿಸಿ ತಲೆಗಳಿಂದ ಭಾಗಿಸಿದರೆ ಬರುವ ಹಣ ಯಾರ ಕಿಸೆಯಲ್ಲೂ ಇಲ್ಲದ ಹಣ. ಸಿರುಗುಪ್ಪದಲ್ಲೋ ಕೌಲ್ ಬಜಾರಿನಲ್ಲೋ ಒಂದು ಮನೆಗೆ ಹೋಗಿ, ಈಗಿಂದೀಗ ಐದು ಸಾವಿರ ಬೇಕಾದರೆ ಎಲ್ಲಿಂದ ತರುತ್ತೀರಿ ಅಂತ ಕೇಳಿ. ಸಂಘದಲ್ಲಿ ಎತ್ತುತ್ತೀವಿ. ಮೇಸ್ತ್ರಿ ಹತ್ರ ಮುಂಗಡ ಇಸ್ಕೊಳ್ತೀವಿ. ಕಿವಿಯಾಗಿಂದು ಅಡ ಇಡ್ತೀವಿ. ಈ ಮೂರು ಉತ್ತರ ಬಿಟ್ಟು ನಾಲ್ಕನೆಯದು ಸಿಗುವುದು ಕಷ್ಟ.

ಮುಂಗಡ ಅಂದರೆ ಬರುವ ತಿಂಗಳಿನ ಮೈಬೆವರನ್ನು ಇವತ್ತಿನ ದರಕ್ಕೆ ಮಾರುವುದು. ಇಸ್ಕೊಂಡವರು ಗುಳೆ ಹೋಗಲೇಬೇಕು. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವ ಗಾಡಿಯಲ್ಲಿ ಮಕ್ಕಳೂ ಹತ್ತುವುದು ಇದೇ ಕಾರಣಕ್ಕೆ. ಸಂಘದ ಸಾಲದ ಕಥೆ ಇನ್ನೊಂದು. ಒಬ್ಬಳು ವಾರದ ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಹಾಗಾಗಿ ಕಿರುಸಾಲ ಕಂಪನಿಯ ಏಜೆಂಟ್ ಬಾಯಿ ಬಿಡುವ ಮೊದಲೇ ಓಣಿಯ ಹೆಂಗಸರು ಓಣಿಯವಳ ಬಾಗಿಲಲ್ಲೇ ಕೂರುತ್ತಾರೆ. ವಸೂಲಿಯ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಡುವಂತಾದಾಗ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ದಬ್ಬಾಳಿಕೆಗೆ ಕಡಿವಾಣ ಬಿದ್ದರೆ ಒಳ್ಳೆಯದೇ. ಆದರೆ ಅವತ್ತು ರಾತ್ರಿ ಐದು ಸಾವಿರ ಯಾಕೆ ಬೇಕಾಯಿತು ಅನ್ನುವುದಕ್ಕೆ ಯಾವ ಸುಗ್ರೀವಾಜ್ಞೆಯಲ್ಲೂ ಉತ್ತರವಿಲ್ಲ.

ಸಿರುಗುಪ್ಪಕ್ಕೆ ಬರೋಣ. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ನಾವು ಹಗರಿ ಅನ್ನುವ ವೇದಾವತಿ. ವಿಜಯನಗರದ ಅರಸರ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳು ಇಂದಿಗೂ ನೀರು ಹರಿಸುತ್ತವೆ. ತುಂಗಭದ್ರೆಗೆ ಅಣೆಕಟ್ಟಾದ ಮೇಲೆ ಕೆಳಮಟ್ಟದ ಕಾಲುವೆ ಬಂತು, ಕರಾವಳಿ ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು, ಭತ್ತದ ಕಣಜ ಅನ್ನುವ ಹೆಸರು ನಿಂತಿತು. ಆಗಸ್ಟಿನಲ್ಲಿ ನಾಟಿ ನಡೆಯುವಾಗ ಒಮ್ಮೆ ಗದ್ದೆ ಬದುವಿಗೆ ಹೋಗಿ, ಹೆಂಗಸರು ಬುತ್ತಿ ಬಿಚ್ಚುವ ಹೊತ್ತಿಗೆ. ಬೆಳಗಿನಿಂದ ಮೊಣಕಾಲುದ್ದ ಕೆಸರಿನಲ್ಲಿ ಬಾಗಿ ಸಸಿ ಹಚ್ಚಿದವರು. ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡಿದ ಗುಂಪು, ಹಾಗಾಗಿ ಸೊಂಟ ನೆಟ್ಟಗೆ ಮಾಡುವುದಕ್ಕೂ ಪುರುಸೊತ್ತಿಲ್ಲ. ಬೆರಳ ಸಂದಿ ನೀರಿನಲ್ಲಿ ನೆನೆದು ಬೆಳ್ಳಗೆ ಬಿರಿದಿರುತ್ತದೆ. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ದಪ್ಪ ಅನ್ನ, ಮೇಲೊಂದು ಮುದ್ದೆ ಪುಂಡಿಪಲ್ಯ ಇಲ್ಲವೆ ಕೆಂಪು ಖಾರ. ಅಕ್ಕಿ ರೇಷನ್ ಅಂಗಡಿಯದು. ಅವರ ಕೈಯಿಂದ ಕೆಸರಿಗಿಳಿದದ್ದು ಸೋನಾ ಮಸೂರಿ.

ಆ ಸೋನಾ ಮಸೂರಿ ಮಿಲ್ಲಿಗೆ ಹೋಗಿ, ಪಾಲಿಶ್ ಆಗಿ, ಬೆಂಗಳೂರಿಗೆ ಚೆನ್ನೈಗೆ ಹೋಗುತ್ತದೆ. ನ್ಯೂಜೆರ್ಸಿಯಲ್ಲಿರುವ ನಮ್ಮ ಮಕ್ಕಳು ಅಲ್ಲಿನ ಭಾರತೀಯ ಅಂಗಡಿಯಿಂದ ಹೊತ್ತು ತರುವ 20 ಪೌಂಡಿನ ಚೀಲದ ಮೇಲೂ ಅದೇ ಹೆಸರಿದೆ. ಗದ್ದೆಯಿಂದ ಹರದಾರಿ ದೂರದ ಮನೆಯ ಮಡಕೆಗೆ ಮಾತ್ರ ಅದು ಹಬ್ಬಕ್ಕೆ ಬರುವ ನೆಂಟ.

ರೇಷನ್ ಅಕ್ಕಿ ಕೊಡುವ ಅನ್ನಭಾಗ್ಯ ಯೋಜನೆಯನ್ನು ಹಗುರ ಮಾಡುವ ಮಾತಲ್ಲ ಇದು. 2013ರ ಜುಲೈಯಿಂದ ಆ ಅಕ್ಕಿ ಬರದೆ ಹೋಗಿದ್ದರೆ ಈ ಡಬ್ಬಿಗಳು ಎಷ್ಟು ದಿನ ಖಾಲಿ ಬರುತ್ತಿದ್ದವೋ. 2023ರಲ್ಲಿ ಹೆಚ್ಚುವರಿ ಐದು ಕಿಲೋ ಬದಲಿಗೆ ತಲೆಗೆ 170 ರೂಪಾಯಿ ಹಾಕಿದರು, 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯನ್ನೇ ಕೊಟ್ಟರು. ರೇಷನ್ ಅಕ್ಕಿಯನ್ನು ಓಣಿಗೆ ಬರುವ ವ್ಯಾಪಾರಿಗೆ ಮಾರಿಕೊಳ್ಳುತ್ತಾರೆ ಅಂತ ಬೈಯುವವರು ಬಹಳ ಜನ. ಮಾರುವುದು ನಿಜ. ಅನ್ನದ ಪಕ್ಕಕ್ಕೆ ಬೇಳೆ ಬೇಕು, ಎಣ್ಣೆ ಬೇಕು, ಮಗುವಿಗೆ ಒಂದು ಮೊಟ್ಟೆ ಬೇಕು. ಮನೆಯಲ್ಲಿ ಮಾರಬಹುದಾದ ವಸ್ತು ಅಕ್ಕಿ ಒಂದೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಹೊಟ್ಟೆ ತುಂಬಿದರೂ ರಕ್ತ ತುಂಬದ ಊಟ ಅದು.

ಈಗ ಎರಡನೇ ಬೆಳೆಯ ವಿಚಾರ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಹಳೆಯ ಗೇಟುಗಳನ್ನೆಲ್ಲ ಬದಲಿಸಬೇಕು ಅಂತ 2025-26ರ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂಬ ತೀರ್ಮಾನವಾಯಿತು. ಗೇಟು ಬದಲಾಗಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ರೈತರು ಎಕರೆಗೆ ಇಷ್ಟು ಪರಿಹಾರ ಕೊಡಿ ಅಂತ ಕೇಳಿದರು, ಅದೂ ನ್ಯಾಯವೇ. ಆದರೆ ಪರಿಹಾರ ಅನ್ನುವುದು ಪಹಣಿಯಲ್ಲಿ ಹೆಸರಿದ್ದವರ ಲೆಕ್ಕ. ಲೀಜಿಗೆ ಮಾಡುವವನ ಹೆಸರು ಪಹಣಿಯಲ್ಲಿ ಇರುವುದೇ ಇಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಉಳುವವನಿಗೆ ನೆಲ ಕೊಡಿಸಿದ ದೊಡ್ಡ ಕಾನೂನು ಅದು. ಈಗ ಲೀಜು ಬಾಯಿಮಾತಿನಲ್ಲೇ ನಡೆಯುವುದಕ್ಕೂ ಅದೇ ಕಾರಣವಾಗಿದೆ. ಬೆಳೆ ಹೋದರೆ ಸಾಲ ಲೀಜುದಾರನದು, ವಿಮೆ, ಪರಿಹಾರ ಮಾಲೀಕನದು. ಸಸಿ ಹಚ್ಚುವ ಹೆಂಗಸಿಗಂತೂ ಯಾವ ಕಾಗದದಲ್ಲೂ ಜಾಗವಿಲ್ಲ. ಕೊಯ್ಲಿಗೆ ಯಂತ್ರ ಬಂದು ಅವಳ ಅರ್ಧ ಕೂಲಿ ಮೊದಲೇ ಹೋಗಿತ್ತು. ಎರಡನೇ ನಾಟಿ ಇಲ್ಲದಿದ್ದರೆ ಉಳಿದರ್ಧದಲ್ಲೂ ಅರ್ಧ ಹೋಯಿತು. ನರೇಗಾದ ದಿನಗೂಲಿ 2025-26ಕ್ಕೆ 370 ರೂಪಾಯಿ ಎಂದು ನಿಗದಿಯಾಗಿತ್ತು. ನೀರು ನಿಲ್ಲಿಸುವ ತೀರ್ಮಾನ ಮಾಡುವ ಸಭೆಯಲ್ಲೇ, ಅದೇ ದಿನ, ಕಾಲುವೆ ಕೊನೆಭಾಗದ ಹಳ್ಳಿಗಳಿಗೆ ಎಷ್ಟು ದಿನದ ಕೆಲಸ ಕೊಡುತ್ತೇವೆ ಅಂತಲೂ ತೀರ್ಮಾನವಾಗಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಕುರುಗೋಡಿನ ಕಡೆ ಮೆಣಸಿನಕಾಯಿ. ದೊಡ್ಡಬಸವೇಶ್ವರನ ಏಕಶಿಲೆಯ ನಂದಿಯನ್ನು ನೋಡಲು ಹೋದವರು ಜನವರಿಯಿಂದಾಚೆ ದಾರಿಯ ಎರಡೂ ಬದಿ ಕೆಂಪು ಹಾಸಿದಂತೆ ಒಣಗುವ ಕಾಯಿಯನ್ನೂ ಕಂಡಿರುತ್ತೀರಿ, ಕಣ್ಣಿಗೆ ಹಬ್ಬ. ಬಿಡಿಸುವವರಿಗೆ ಅದು ಕಣ್ಣುರಿ. ಮೂಗು ಬಾಯಿಗೆ ಸೆರಗು, ಗಂಡನ ಹಳೆಯ ಅಂಗಿ ಸೀರೆ ಮೇಲೆ. ಸಂಜೆ ಕೈ ಎಷ್ಟು ತೊಳೆದರೂ ಉರಿ ಹೋಗದು, ಹಸುಗೂಸಿನ ತಾಯಿ ಮಗುವನ್ನು ಮುಟ್ಟಲು ಹೆದರುತ್ತಾಳೆ. ಬಿಡಿಸುವ ಕಾಲವೂ ಶಾಲೆಯ ಪರೀಕ್ಷೆಯ ಕಾಲವೂ ಒಂದೇ ಆಗಿರುವುದರಿಂದ ಹಾಜರಿ ಪುಸ್ತಕದಲ್ಲಿ ಯಾವ ಮಕ್ಕಳ ಮುಂದೆ ಗೈರು ಬೀಳುತ್ತದೆ ಅಂತ ನಮ್ಮ ಮೇಷ್ಟ್ರುಗಳಿಗೆ ನೋಡದೆಯೇ ಗೊತ್ತು. ಬೆಳೆಗಾರನೂ ನೆಮ್ಮದಿಯಲ್ಲಿಲ್ಲ. ಇಷ್ಟು ಬೆಳೆದರೂ ಒಳ್ಳೆಯ ಬೆಲೆಗಾಗಿ ಬ್ಯಾಡಗಿಗೇ ಲಾರಿ ಹತ್ತಿಸಬೇಕು. 2024ರ ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದಾಗ ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ತಪ್ಪು. ಒಂದು ವರ್ಷದ ಬೆವರಿನ ದರ ಒಂದೇ ಬೆಳಿಗ್ಗೆ ಹಾಗೆ ಬೀಳುವುದನ್ನು ನಿಂತು ನೋಡುವುದೂ ಸಾಮಾನ್ಯ ಸಂಕಟವಲ್ಲ.

ಈ ಕೂಲಿಗೆ ಹೋಗುವ ಬಗೆ ಹೇಗೆ? ಬೆಳಗ್ಗೆ ಆರಕ್ಕೆ ಊರ ಅಗಸಿ ಮುಂದೆ ನಿಂತರೆ ಕಾಣುತ್ತದೆ. ನಾಲ್ಕು ಜನರ ಆಟೊದಲ್ಲಿ ಅದರ ಮೂರು ಪಟ್ಟು ಹೆಂಗಸರು, ಗೂಡ್ಸ್ ಗಾಡಿಯಲ್ಲಿ ನಿಂತೇ ಬರುವವರು, ಕಂಬಿಗೆ ತೂಗುವ ಡಬ್ಬಿಗಳು. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ತಾಲ್ಲೂಕಿನ ಕೊಳಗಲ್ಲು ಬಳಿ ಕೂಲಿ ಹೆಂಗಸರಿದ್ದ ಆಟೊ ಕಾಲುವೆಗೆ ಬಿದ್ದು ಹಲವರು ಜೀವ ಕಳೆದುಕೊಂಡರು. ನಾಲ್ಕು ದಿನ ಮಾತಾಡಿದೆವು. ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಬಸ್ಸು ಹೆಂಗಸರಿಗೆ ಉಚಿತ, ಆದರೆ ಹೊಲದ ದಾರಿಗೆ ಬಸ್ಸು ಹೋಗುವುದಿಲ್ಲ.

ಇನ್ನು ಈ ನಗರ. ಬಳ್ಳಾರಿ ಜೀನ್ಸ್ ಅಂತ ದೇಶದ ತುಂಬ ಹೆಸರಿದೆ. ಮುಂಡರಗಿ ಕೈಗಾರಿಕಾ ಪ್ರದೇಶದ ಘಟಕಗಳನ್ನು ಎಲ್ಲರೂ ಬಲ್ಲರು. ಜೀನ್ಸ್ ಪಾರ್ಕಿನ ಮಾತನ್ನೂ 2023ರ ಚುನಾವಣೆಯಿಂದ ಕೇಳುತ್ತಿದ್ದೇವೆ. ನಾನು ಹೇಳಬೇಕೆಂದಿರುವುದು ಗಲ್ಲಿಯೊಳಗಿನ ಒಂದಂಕಣದ ಮನೆಗಳ ಬಗ್ಗೆ. ಬಾಗಿಲ ಬೆಳಕಿಗೆ ಕೂತ ಹೆಣ್ಣುಮಗಳು ಹೊಲಿದು ಬಂದ ಪ್ಯಾಂಟಿನ ಚಾಚಿಕೊಂಡ ದಾರಗಳನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸುತ್ತಾಳೆ. ಪೀಸಿಗೆ ಇಷ್ಟು. ಬಣ್ಣ ಬಿಟ್ಟು ಬೆರಳು ನೀಲಿಯಾಗಿರುತ್ತದೆ, ಉಗುರಿನ ಬುಡದ ನೀಲಿ ಮದುವೆಮನೆಗೆ ಹೋಗುವಾಗಲೂ ಹೋಗಿರುವುದಿಲ್ಲ. ಕತ್ತರಿ ಅವಳದು, ಕರೆಂಟು ಅವಳದು, ನೆಲವೂ ಅವಳದು. ಕೆಲಸ ನಿಂತ ದಿನದ ನಷ್ಟವೂ ಅವಳದೇ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ.

ಅದೇ ಮನೆಯ ಬಾಗಿಲಲ್ಲಿ ಸಾಲಾಗಿ ನಿಂತ ನೀಲಿ ಡ್ರಮ್ಮುಗಳಿವೆ. ಈ ಊರಿನ ಮೇಲು ಕೀಳನ್ನು ನಾನು ಅಳೆಯುವುದು ಆ ಡ್ರಮ್ಮುಗಳಿಂದ. ನಲ್ಲಿಯಲ್ಲಿ ನೀರು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ. ಸಂಪು, ಮೇಲೆ ಟ್ಯಾಂಕು, ಮೋಟಾರು ಇದ್ದವರಿಗೆ ನೀರು ಯಾವಾಗ ಬಂತು ಅನ್ನುವುದೇ ತಿಳಿಯುವುದಿಲ್ಲ. ಡ್ರಮ್ಮಿನವರಿಗೆ ನೀರು ಬರುವ ದಿನ ಅಂದರೆ ಕೆಲಸ ಬಿಡುವ ದಿನ. ಮಧ್ಯಾಹ್ನ ಬರಲಿ, ನಡುರಾತ್ರಿ ಬರಲಿ, ಒಬ್ಬರು ಮನೆಯಲ್ಲಿ ಇರಲೇಬೇಕು. ಡ್ರಮ್ಮು ತಳ ಕಂಡಾಗ ಟ್ಯಾಂಕರಿನವನಿಗೆ ದುಡ್ಡು, ಕುಡಿಯುವ ನೀರಿನ ಕ್ಯಾನಿಗೆ ಬೇರೆ ದುಡ್ಡು. ಒಂದು ಕೊಡ ನೀರಿಗೆ ಈ ಊರಿನಲ್ಲಿ ಅತಿ ಹೆಚ್ಚು ಬೆಲೆ ಕೊಡುವವರು ಅತಿ ಕಡಿಮೆ ಗಳಿಸುವವರು.

ಗಣಿ ಹಣದ ಕಥೆ ನಿಮಗೆಲ್ಲ ಗೊತ್ತು, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಈ ಆಕಾಶದಲ್ಲಿ ಹೆಲಿಕಾಪ್ಟರ್ ಓಡಾಡಿದವು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು, ಖಜಾನೆಗಾದ ನಷ್ಟ 16 ಸಾವಿರ ಕೋಟಿ ಮೀರಿತ್ತು ಅಂತ ಅದು ಲೆಕ್ಕ ಹಾಕಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ. ಆದರೆ ನಿಂತ ಏಟು ಮೊದಲು ಬಿದ್ದದ್ದು ಸಾಲದಲ್ಲಿ ಲಾರಿ ಕೊಂಡವನ ಮೇಲೆ, ಕ್ಲೀನರ್ ಹುಡುಗನ ಮೇಲೆ, ದಾರಿಬದಿ ಇಡ್ಲಿ ಮಾರುತ್ತಿದ್ದವಳ ಮೇಲೆ. 2016ರ ನವೆಂಬರಿನಲ್ಲಿ ನೋಟು ರದ್ದಾಗಿ ನಮ್ಮ ಜನ ತಮ್ಮದೇ ದುಡ್ಡಿಗೆ ಬ್ಯಾಂಕಿನ ಮುಂದೆ ಬಿಸಿಲಿನಲ್ಲಿ ನಿಂತಿದ್ದ ವಾರದಲ್ಲೇ, ಈ ಜಿಲ್ಲೆಯ ಮಾಜಿ ಸಚಿವರೊಬ್ಬರ ಮಗಳ ಮದುವೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಂಪಿಯ ಸೆಟ್ಟುಗಳ ನಡುವೆ ನಡೆಯಿತು. ಅವತ್ತು ಸಾಲಿನಲ್ಲಿ ನಿಂತವರಿಗೆ ಬಂದ ಸಿಟ್ಟು ಸರಿಯಾದ ಸಿಟ್ಟು ಅಂತ ನಾನು ಈಗಲೂ ನಂಬಿದ್ದೇನೆ.

ಗಣಿಬಾಧಿತರಿಗಾಗಿ ಈಗ ಹಣವಿದೆ. 2015ರ ಕಾನೂನಿನಂತೆ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ನಾಲ್ಕು ಜಿಲ್ಲೆಗಳ ಗಣಿಬಾಧಿತ ಊರುಗಳ ಪುನಶ್ಚೇತನಕ್ಕೆ 24 ಸಾವಿರ ಕೋಟಿ ಮೀರಿದ ಯೋಜನೆಗೆ ಸುಪ್ರೀಂ ಕೋರ್ಟು 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಇಷ್ಟು ಹಣವಿರುವ ಈ ಜಿಲ್ಲೆಯಲ್ಲೇ 2024ರ ನವೆಂಬರಿನಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಡ್ರಿಪ್ಪಿನ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಿತ್ತು. ಸತ್ತವರ ಮನೆಗಳೆಲ್ಲ ಬೇರೆ ಆಸ್ಪತ್ರೆಯ ಬಿಲ್ಲು ಕಟ್ಟಲಾರದ ಮನೆಗಳು. ಗಣಿ ಹಣದಲ್ಲಿ ಏಳುವ ಒಂದು ಕಟ್ಟಡ ಕಡಿಮೆಯಾದರೂ ಆದೀತು. ಔಷಧಿ ಪರೀಕ್ಷೆಗೆ, ದಾದಿಯರಿಗೆ, ಕೂಲಿಯವರನ್ನು ಹೊಲಕ್ಕೆ ಒಯ್ಯುವ ಸುರಕ್ಷಿತ ಗಾಡಿಗೆ, ಡ್ರಮ್ಮಿನವರ ನೀರಿಗೆ ಆ ಹಣ ಮೊದಲು ಹೋಗಲಿ ಅಂತ ನಾವು ಕೇಳಬೇಕು.

ಕೊನೆಯದಾಗಿ ಕುಡುತಿನಿ. ಕುರುಗೋಡಿಗೆ ಹತ್ತಿರವೇ. ಕುಡುತಿನಿ, ಹರಗಿನಡೋಣಿ, ವೇಣಿವೀರಾಪುರ ಸುತ್ತಲಿನ ಸಾವಿರಾರು ಎಕರೆ ನೆಲವನ್ನು 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳ ಹೆಸರಿನಲ್ಲಿ ತೆಗೆದುಕೊಂಡರು. ಕಾರ್ಖಾನೆ ಏಳಲಿಲ್ಲ. ಮನೆಗೊಂದು ನೌಕರಿ ಅಂದಿದ್ದನ್ನು ನಂಬಿ ಸಹಿ ಹಾಕಿದವರ ಮಕ್ಕಳು ಆಗ ಶಾಲೆಯಲ್ಲಿದ್ದರು, ಈಗ ಅವರಿಗೇ ಮಕ್ಕಳಾಗಿವೆ. 2022ರ ಡಿಸೆಂಬರಿನಲ್ಲಿ ಆ ರೈತರು ಧರಣಿ ಕೂತರು. ಕಾರ್ಖಾನೆ ಕಟ್ಟಿ ಕೆಲಸ ಕೊಡಿ, ನೆಲಕ್ಕೆ ನ್ಯಾಯದ ಬೆಲೆ ಕೊಡಿ, ಎರಡೂ ಆಗದಿದ್ದರೆ ನೆಲ ವಾಪಸ್ ಕೊಡಿ ಅಂತ ಅವರು ಕೇಳುತ್ತಿದ್ದಾರೆ. ಈ ಉಪನ್ಯಾಸಮಾಲೆ ನಡೆಸುವ ಸಂಘದವರು ಮುಂದಿನ ಉಪನ್ಯಾಸಕ್ಕೆ ಯಾರನ್ನು ಕರೆಯಬೇಕು ಅಂತ ಆಗಲೇ ಕೇಳಿದರು. ಆ ಧರಣಿಯಲ್ಲಿ ಕೂತ ಒಬ್ಬ ಹೆಣ್ಣುಮಗಳನ್ನು ಈ ವೇದಿಕೆಗೆ ಕರೆಯಿರಿ. ಹೊಲ ಇದ್ದಾಗ ಮನೆಯ ಲೆಕ್ಕ ಹೇಗಿತ್ತು, ಈಗ ಹೇಗಿದೆ ಅಂತ ಆಕೆ ಹೇಳಲಿ. ನಾನು ಕೆಳಗೆ ನಿಮ್ಮ ಜೊತೆ ಕೂತು ಕೇಳುತ್ತೇನೆ.